ಬಾಯಿ ಕಟ್ಟಿದ ಗಡಿಗೆ

"ಗಡಿಗೆ ಸಿಕ್ಕಿದ್ರೆ ಎತ್ತಿಡಿ ಸರ್, ಅಳತೆ ತಗೊಳ್ಳಿ, ಫೋಟೋ ತೆಗೀರಿ. ಬಾಯಿ ಮಾತ್ರ ಬಿಚ್ಚಬೇಡಿ," ಎಂದಳು ಅಡುಗೆಯಾಕೆ, ಚಹಾದ ಲೋಟವನ್ನು ನಕಾಶೆಗೆ ತಾಗದಂತೆ ಮೇಜಿನ ಅಂಚಿನಲ್ಲಿಡುತ್ತ.

ಪ್ರೊಫೆಸರ್ ತಲೆ ಎತ್ತದೆಯೇ ನಕ್ಕರು. "ಯಾಕಮ್ಮ, ಕಚ್ಚುತ್ತಾ?"

"ಕಚ್ಚೋದಾದ್ರೆ ಔಷಧಿ ಇರುತ್ತೆ ಸರ್."

"ಮೂವತ್ತು ವರ್ಷದಿಂದ ಸತ್ತವರ ಮನೆ ಅಗೀತಾ ಇದೀನಿ. ಇಲ್ಲೀವರೆಗೆ ಒಬ್ಬರಾದ್ರೂ ಎದ್ದು ಬಂದು ಯಾಕಪ್ಪಾ ಅಂತ ಕೇಳಿಲ್ಲ. ನಿಮ್ಮ ದಿಬ್ಬದವರಿಗೆ ಹೇಳಿ, ಬಾಯಿ ಬಿಡಿಸೋದ್ರಲ್ಲಿ ನಾನು ಎತ್ತಿದ ಕೈ ಅಂತ."

ಡೇರೆಯ ಇನ್ನೊಂದು ಮೂಲೆಯಲ್ಲಿ ಪೆನ್ಸಿಲ್ ಕೆತ್ತುತ್ತಿದ್ದ ಅವರ ಮಗಳು ಕಿಸಕ್ಕನೆ ನಕ್ಕಳು. ಅಡುಗೆಯಾಕೆ ನಗಲಿಲ್ಲ. ಮಗಳ ಮುಖವನ್ನೊಮ್ಮೆ ನೋಡಿದಳು, ಡೇರೆಯ ಬಾಗಿಲಾಚೆ ದಿಬ್ಬವನ್ನೊಮ್ಮೆ ನೋಡಿದಳು, ಖಾಲಿ ತಟ್ಟೆ ಎತ್ತಿಕೊಂಡು ಹೊರಟುಹೋದಳು.

ಅವರು ಆ ನದೀತೀರಕ್ಕೆ ಬಂದು ಮೂರು ವಾರವಾಗಿತ್ತು. ಸಪಾಟು ಬಯಲಿನ ನಡುವೆ ನಾಲ್ಕು ಅಂತಸ್ತಿನ ಎತ್ತರಕ್ಕೆ ನಿಂತಿದ್ದ ಆ ದಿಬ್ಬವನ್ನು ದೂರದಿಂದ ಕಂಡವರು ಗುಡ್ಡವೆಂದೇ ತಿಳಿಯಬೇಕು. ಆದರೆ ಅದನ್ನು ಕಟ್ಟಿದವರು ಮನುಷ್ಯರು. ಸಾವಿರಾರು ವರ್ಷಗಳ ಹಿಂದೆ, ಗಾಡಿಯಿಲ್ಲದ, ಎತ್ತಿಲ್ಲದ, ಕಬ್ಬಿಣ ಕಾಣದ ಜನ ನದಿಯ ದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದಿದ್ದರು. ಕೂಲಿಯವರು ದಿಬ್ಬದ ಹೊಟ್ಟೆಯನ್ನು ನೇರಕ್ಕೆ ಸೀಳಿದಾಗ, ಒಳಗೋಡೆಯಲ್ಲಿ ಒಂದೊಂದು ಬುಟ್ಟಿಯ ಮಣ್ಣೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕಪ್ಪು, ಕೆಂಪು, ಹಳದಿ, ಬೂದಿ. ತೇಪೆಯ ಮೇಲೆ ತೇಪೆ ಹಾಕಿದ ಹಳೇ ಹೊದಿಕೆಯಂತೆ. ಆ ತೇಪೆಗಳನ್ನು ಅಳೆದು ಕಾಗದಕ್ಕಿಳಿಸುವುದು ಮಗಳ ಕೆಲಸ.

ಇಪ್ಪತ್ಮೂರು ವರ್ಷದ ಆ ಹುಡುಗಿಗೆ ಹುಟ್ಟಿದಾಗಿನಿಂದ ಬಾಯಿಗೆ ಬೀಗವಿಲ್ಲ. ಅದಕ್ಕೇ ಮನೆಯಲ್ಲಿ ಗಿಣಿ ಎಂದು ಹೆಸರು. ಅಳತೆಪಟ್ಟಿ ಹಿಡಿದು "ಎರಡು ಮೀಟರ್ ನಲವತ್ತು, ಕಪ್ಪು!" ಎಂದು ಕೂಗುವಳು, ನಡುವೆ ಹಾಡುವಳು, ಕೂಲಿಯವರ ಕಾಲೆಳೆಯುವಳು. "ಅಪ್ಪಾ, ಈ ಬುಟ್ಟಿ ನೋಡು, ಎಷ್ಟು ಚಿಕ್ಕದು. ಯಾವುದೋ ಮಗು ಹೊತ್ತಿರ್ಬೇಕು, ಅಲ್ವಾ?" ಎಂದು ಕೇಳುವಳು. ಪ್ರೊಫೆಸರ್ ಮಣ್ಣಿನಿಂದ ಕಣ್ಣು ಕೀಳದೆ "ಹ್ಞೂಂ" ಎನ್ನುವರು.

ಆ ಹ್ಞೂಂಕಾರವನ್ನು ಅಣಕಿಸುತ್ತಿದ್ದವಳು ಅವರ ಹೆಂಡತಿ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚು. ನಾಲ್ಕು ಜನರೆದುರು 'ರೀ' ಎನ್ನುತ್ತಿದ್ದವಳು ಇಬ್ಬರೇ ಇದ್ದಾಗ ಅವರನ್ನು 'ಎರೆಹುಳ' ಎನ್ನುತ್ತಿದ್ದಳು, ಯಾವಾಗಲೂ ಮಣ್ಣಲ್ಲೇ ಬಿದ್ದಿರುವ ಜೀವವೆಂದು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪ್ರೊಫೆಸರ್ ಇನ್ನೆಲ್ಲೋ ಅಗೆತದ ಗುಂಡಿಯೊಳಗಿದ್ದಾಗ, ದಡದ ಮೇಲಿನ ಚೀಲದಲ್ಲಿದ್ದ ಅವರ ಫೋನು ಏಳು ಸಲ ಹೊಡೆದುಕೊಂಡಿತ್ತು. ಕೈಯಲ್ಲಿ ಮಣ್ಣಿತ್ತು, ಆಮೇಲೆ ನೋಡಿದರಾಯಿತೆಂದುಕೊಂಡರು. ಸಂಜೆ ಕೈ ತೊಳೆದು ಮರಳಿ ಫೋನು ಮಾಡಿದಾಗ ಎತ್ತಿದವನು ಅವಳ ತಮ್ಮ. "ಭಾವ, ಅಕ್ಕ ಹೋದ್ಳು," ಎಂದ. ಏಳು ಸಲ ಕರೆದು ಅವಳು ಹೇಳಬೇಕೆಂದಿದ್ದದ್ದೇನು ಎಂಬುದು ಅಂದಿನಿಂದ ಅವರ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು. ಯಾರೊಂದಿಗೂ ಆಡಿರಲಿಲ್ಲ. ಮಗಳೊಂದಿಗಂತೂ ಇಲ್ಲವೇ ಇಲ್ಲ.

ನಾಲ್ಕನೆಯ ವಾರ ದಿಬ್ಬದ ಹೊಟ್ಟೆಯೊಳಗೆ ಕೋಣೆಯೊಂದು ಸಿಕ್ಕಿತು.

ಬಗ್ಗಿ ನುಗ್ಗಬೇಕಾದ ಕಿಂಡಿ, ಅದರಾಚೆ ಹತ್ತು ಹೆಜ್ಜೆ ಅಗಲದ ಕತ್ತಲು. ಗೋಡೆಗಿಟ್ಟ ಮರದ ದಿಮ್ಮಿಗಳು ಎಂದೋ ಮಣ್ಣಾಗಿ, ಅವುಗಳ ಮೇಲೆ ಬಳಿದಿದ್ದ ಜೇಡಿ ಮಾತ್ರ ಪಕ್ಕೆಲುಬುಗಳಂತೆ ಉಳಿದಿತ್ತು. ಒದ್ದೆ ಬೂದಿಯ ವಾಸನೆ. ಅದರ ಕೆಳಗೆ, ಮೂಗಿಗೆ ತಡವಾಗಿ ತಾಗುವ ಸುಟ್ಟ ಕೂದಲಿನ ವಾಸನೆ. ಟಾರ್ಚಿನ ಬೆಳಕಿಗೆ ನೆಲದ ತುಂಬ ಗಡಿಗೆಗಳು ಕಂಡವು. ಒಂದೊಂದರ ಬಾಯಿಗೂ ಜೇಡಿಮಣ್ಣಿನ ಬಿರಡೆ, ಬಿರಡೆಯ ಮೇಲೆ ಒತ್ತಿದ ಐದು ಬೆರಳಿನ ಗುರುತು, ಕುತ್ತಿಗೆಗೆ ಬಿಗಿದ ಮನುಷ್ಯರ ಕೂದಲಿನ ಹುರಿ. ನಡುವೆ ಮಣ್ಣಿನದೇ ಒಂದು ಮುಖ. ಅದಕ್ಕೆ ಕಣ್ಣಿತ್ತು, ಮೂಗಿತ್ತು, ದೊಡ್ಡ ದೊಡ್ಡ ಕಿವಿಗಳಿದ್ದವು. ಬಾಯಿ ಇರಲಿಲ್ಲ.

ಕೂಲಿಯವರು ಕಿಂಡಿಯಲ್ಲಿ ಇಣುಕಿ ನೋಡಿ ಹಿಂದೆ ಸರಿದರು. ಒಳಗೆ ಬರಲು ಒಬ್ಬನೂ ಒಪ್ಪಲಿಲ್ಲ.

ಅಂದು ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ ಪ್ರೊಫೆಸರ್ ಒಬ್ಬರೇ ಒಳಗೆ ಕೂತರು. ಗಡಿಗೆಗಳನ್ನು ಪ್ರಯೋಗಾಲಯಕ್ಕೆ ಒಯ್ದ ಮೇಲೇ ತೆರೆಯಬೇಕೆಂಬ ನಿಯಮವನ್ನು ವಿದ್ಯಾರ್ಥಿಗಳಿಗೆ ಕಲಿಸಿದವರೇ ಅವರು. ಆದರೂ ಕಿಂಡಿಗೆ ಹತ್ತಿರದ ಗಡಿಗೆಯ ಬಿರಡೆಯ ಸುತ್ತ ಚಾಕು ಆಡಿಸಿದರು. ಹೊರಗೆ ಮಗಳು ಅಳತೆ ಕೂಗುತ್ತಿದ್ದಳು. ಬಿರಡೆ ಕಳಚಿತು. ಗಡಿಗೆ ಉಸಿರು ಬಿಟ್ಟಿತು. ತಣ್ಣನೆಯ ಉಸಿರು. ಅದರಲ್ಲಿ ಬೂದಿಯ ವಾಸನೆಯಿರಲಿಲ್ಲ. ಮನೆಯ ಬೀರು ತೆರೆದಾಗ ಮಡಿಸಿಟ್ಟ ಬಟ್ಟೆಗಳಿಂದ ಬರುತ್ತಿದ್ದ ವಾಸನೆಯಿತ್ತು.

"ಎರೆಹುಳಾ."

ಒಂದೇ ಮಾತು. ಕಿವಿಯ ಪಕ್ಕದಲ್ಲೇ. ಕೊನೆಯ ಅಕ್ಷರವನ್ನು ಅವಳು ಎಳೆಯುತ್ತಿದ್ದಂತೆಯೇ ಎಳೆದು.

ಪ್ರೊಫೆಸರ್ ಗಡಿಗೆಯೊಳಗೆ ಟಾರ್ಚು ಬಿಟ್ಟು ನೋಡಿದರು. ಒಳಗೆ ಧೂಳೂ ಇರಲಿಲ್ಲ. ಕಿರಿದಾದ ಬಾಯಿಯಲ್ಲಿ ಗಾಳಿ ನುಗ್ಗಿದರೆ ಸದ್ದಾಗುತ್ತದೆ, ಆ ಸದ್ದಿಗೆ ಮನಸ್ಸು ಮಾತು ತೊಡಿಸುತ್ತದೆ ಎಂದು ತಮಗೆ ತಾವೇ ಪಾಠ ಹೇಳಿಕೊಂಡರು. ಪುಸ್ತಕದಲ್ಲಿ 'ಖಾಲಿ' ಎಂದು ಬರೆದರು.

ಸಂಜೆಯ ಹೊತ್ತಿಗೆ ಮಗಳ ಗಂಟಲು ಒಡೆದಿತ್ತು. "ಧೂಳು ಅಪ್ಪಾ," ಎಂದು ಗೊಗ್ಗರು ದನಿಯಲ್ಲಿ ಹೇಳಿ ಬಿಸಿನೀರು ಕುಡಿದು ಮಲಗಿದಳು. ಅಡುಗೆಯಾಕೆ ನೀರು ಕಾಯಿಸಿ ಕೊಟ್ಟು ಪ್ರೊಫೆಸರರ ಕಡೆ ನೋಡಿದಳು. ಅವರು ಕಣ್ಣು ತಪ್ಪಿಸಿದರು.

ಎರಡು ದಿನ ಅವರು ಕೋಣೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅದೇ ಹೊತ್ತಿಗೆ ಕಾಲು ತಾನಾಗಿ ಅಲ್ಲಿಗೆ ನಡೆಯಿತು. ಈ ಸಲ ಅಳತೆ ಪುಸ್ತಕ ಒಯ್ಯಲಿಲ್ಲ. ಎರಡನೆಯ ಗಡಿಗೆಯ ಮುಂದೆ ಮಂಡಿಯೂರಿ, ಬಿರಡೆ ಕಿತ್ತು, ಅದರ ಬಾಯಿಗೆ ಕಿವಿ ಒತ್ತಿದರು.

"ಎರೆಹುಳಾ, ಏಳು ಸಲ ಮಾಡಿದೆ ಕಣೋ. ಕೈ ತೊಳ್ಕೊಂಡು ಬರೋಕೆ ಎಷ್ಟು ಹೊತ್ತು? ಒಂದೇ ಒಂದು ಮಾತು ಹೇಳೋದಿತ್ತು..."

ಅಷ್ಟೇ. ಗಡಿಗೆ ತಣ್ಣಗಾಯಿತು. ಪ್ರೊಫೆಸರ್ ಅದನ್ನು ತಬ್ಬಿಕೊಂಡು ಅತ್ತರು, ಮೂರು ವರ್ಷದಿಂದ ಅಳದಿದ್ದವರು. ಹೊರಗೆ ಮಗಳು ಒಡೆದ ದನಿಯಲ್ಲೇ ಕೂಗುತ್ತಿದ್ದ ಅಳತೆ "ಒಂದು ಮೀಟರ್ ಅರವ" ಎಂಬಲ್ಲಿಗೆ ಕತ್ತರಿಸಿದಂತೆ ನಿಂತದ್ದು ಅವರ ಗಮನಕ್ಕೆ ಬಂದದ್ದು ತುಂಬ ಹೊತ್ತಿನ ಮೇಲೆ.

ಕಿಂಡಿಯಿಂದ ಹೊರಬಂದಾಗ ಮಗಳು ಗೋಡೆಗೊರಗಿ ನಿಂತಿದ್ದಳು. ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಪಿಸುಮಾತೂ ಹೊರಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಣದ ವೈದ್ಯರು ಗಂಟಲಿಗೆ ನಳಿಗೆ ಇಳಿಸಿ ನೋಡಿ, "ಎಲ್ಲಾ ಸರಿಯಾಗೇ ಇದೆಯಲ್ಲ," ಎಂದು ತಲೆ ಕೆರೆದುಕೊಂಡರು. ಗಂಟಲಿಗೆ ವಿಶ್ರಾಂತಿ ಎಂದು ಚೀಟಿ ಬರೆದರು. ಹಿಂದಿರುಗುವಾಗ ಮಗಳು ಚಿತ್ರದ ಕಾಗದದ ಅಂಚಿನಲ್ಲಿ ಬರೆದು ತೋರಿಸಿದಳು: 'ಈಗ ಆರಾಮ ಅಲ್ವಾ ಅಪ್ಪ? ತಲೆ ತಿನ್ನೋರಿಲ್ಲ.' ಬರೆದು ನಕ್ಕಳು. ಆ ನಗುವಿಗೆ ಸದ್ದಿರಲಿಲ್ಲ.

ಬಿಡಾರಕ್ಕೆ ಬಂದವರೇ ನೇರ ಅಡುಗೆ ಡೇರೆಗೆ ಹೋದರು. ಅಡುಗೆಯಾಕೆ ಒಲೆ ಸಣ್ಣಗೆ ಮಾಡಿದಳು.

"ಎಷ್ಟು ಬಿಚ್ಚಿದ್ರಿ?"

"ಎರಡು."

ಆಕೆ ಕುಸಿದು ಕೂತಳು. ಆಮೇಲೆ ಒಲೆಯನ್ನೇ ನೋಡುತ್ತ ಹೇಳಿದಳು. "ನಮ್ಮಣ್ಣನ ಮಗು ಜ್ವರದಲ್ಲಿ ಹೋಯ್ತು ಸರ್. ಎರಡು ವರ್ಷದ ಕೂಸು. ಆ ವರ್ಷ ಹೊಳೆ ದಿಬ್ಬದ ಮಗ್ಗುಲು ಕೊರೆದು ಮೂರು ಗಡಿಗೆ ಹೊರಗೆ ಬಿದ್ದಿದ್ವು. ಅಣ್ಣ ಒಂದನ್ನ ಬಿಚ್ಚಿದ. ಕೂಸಿನ ತೊದಲು ಕೇಳಿಸ್ತಂತೆ. ಇನ್ನೊಂದು ಬಿಚ್ಚಿದ. ಅಷ್ಟೊತ್ತಿಗೆ ನಮ್ಮಮ್ಮ ಮೂಗಿಯಾಗಿದ್ಳು. ಮೂರನೇದಕ್ಕೆ ಉಸಿರೇ ಬಿಟ್ಳು."

"ಅದು ಅವಳದೇ ದನಿ," ಎಂದರು ಪ್ರೊಫೆಸರ್. ಅವರ ದನಿಯೇ ಅವರಿಗೆ ಅಪರಿಚಿತವಾಗಿತ್ತು. "ಸಾವಿರಾರು ವರ್ಷದ ಗಡಿಗೇಲಿ ಅವಳು ಹೇಗೆ..."

"ಈ ದಿಬ್ಬ ಕಟ್ಟಿದೋರು ಮಾಟ ಬಲ್ಲವರು ಸರ್. ಸತ್ತವರ ದನಿ ಹೊರಗಿದ್ರೆ ಬದುಕಿದ್ದೋರು ಅದರ ಬೆನ್ನು ಹತ್ತಿ ಹೋಗ್ತಾರೆ ಅಂತ, ಆ ದನೀನ ಗಡಿಗೆಗಿಳಿಸಿ ಬಾಯಿ ಕಟ್ಟಿದ್ರಂತೆ. ಸಾಲ್ದು ಅಂತ ಮೇಲೆ ಅಷ್ಟು ಮಣ್ಣು. ಕಟ್ಟು ಬಿಚ್ಚಿದೋರಿಗೆ ಅವರವರು ಕಳ್ಕೊಂಡೋರೇ ಸಿಗ್ತಾರೆ. ಆದ್ರೆ ಸತ್ತೋರಿಗೆ ಮಾತಾಡೋಕೆ ಉಸಿರೆಲ್ಲಿಂದ ಬರ್ಬೇಕು? ನಮ್ಮ ಹತ್ರ ಇರೋರಿಂದ ತಗೋತಾರೆ."

"ಇದಕ್ಕೆ ದಾರಿ?"

"ಮತ್ತೆ ಬಾಯಿ ಕಟ್ಟಬೇಕು. ಖಾಲಿ ಗಡಿಗೆಗೆ ಕಟ್ಟು ನಿಲ್ಲಲ್ಲ. ಬದುಕಿರೋರ ದನಿ ಒಂದು ಹಾಕ್ಬೇಕು, ನಿಮ್ಮ ಜೀವಕ್ಕೆ ಬೇಕಾದೋರದು. ಗಡಿಗೆ ಬಾಯಿಗೆ ಬಾಯಿಟ್ಟು ಅವರ ಹೆಸರು ಕರೆದ್ರೆ ಆಯ್ತು. ಅವರಿಗೇನೂ ಆಗಲ್ಲ, ಊರಿಗೆಲ್ಲ ಕೇಳಿಸುತ್ತೆ." ಆಕೆ ಮೊದಲ ಸಲ ಅವರ ಮುಖ ನೋಡಿದಳು. "ನಿಮ್ಮ ಕಿವಿಗೆ ಮಾತ್ರ ಇನ್ನು ಸಿಗಲ್ಲ. ನಮ್ಮಣ್ಣಂಗೆ ಅಷ್ಟು ಎದೆಯಿರ್ಲಿಲ್ಲ ಸರ್."

ಪ್ರೊಫೆಸರ್ ಈ ಸಲ ನಗಲಿಲ್ಲ. ಬಕೆಟ್ಟಿನಲ್ಲಿ ಜೇಡಿ ಕಲಸಿಕೊಂಡು, ಟಾರ್ಚು ಹಿಡಿದು, ನಡು ಮಧ್ಯಾಹ್ನದ ಉರಿಬಿಸಿಲಿನಿಂದ ಆ ಕತ್ತಲೊಳಗೆ ನುಗ್ಗಿದರು. ಕಟ್ಟಿ ಬಂದುಬಿಡಬೇಕು, ಅಷ್ಟೇ. ಬೇರೆ ಯೋಚನೆಯಿರಲಿಲ್ಲ.

ಆದರೆ ಮೂರನೆಯ ಗಡಿಗೆ ಅವರಿಗಾಗಿ ಕಾದಿತ್ತು.

ಅದರ ಬಿರಡೆ ಮುಚ್ಚಿಯೇ ಇತ್ತು. ಮುಚ್ಚಿದ ಮಣ್ಣಿನ ಹಿಂದಿನಿಂದ, ಬಾಗಿಲಾಚೆಯ ಕೋಣೆಯಿಂದ ಬಂದಂತೆ, ದನಿ ಬಂತು. "ಆ ದಿನ ಹೇಳೋದಿತ್ತಲ್ಲ. ಹೇಳ್ಲಾ?"

ಪ್ರೊಫೆಸರ್ ಬಕೆಟ್ಟು ಕೆಳಗಿಟ್ಟರು.

"ಒಂದೇ ಮಾತು ಕಣೋ."

ಒಂದು ಮಾತಿಗೆ ಎಷ್ಟು ಹೊತ್ತು ಬೇಕು? ಕೇಳಿ ಮುಚ್ಚಿದರಾಯಿತು. ಮಗಳು ದೂರ ಡೇರೆಯಲ್ಲಿದ್ದಾಳೆ. ಗಟ್ಟಿಮುಟ್ಟಾದ ಹುಡುಗಿ. ಒಂದು ಕ್ಷಣ. ಒಂದೇ ಕ್ಷಣ. ಕೈ ಚಾಕು ಹುಡುಕಿತು. ಚಾಕು ಸಿಗಲಿಲ್ಲ. ಉಗುರಿನಿಂದಲೇ ಕೆರೆದರು. ಉಗುರು ಹಾರಿತು. ಜೇಡಿಯ ಮೇಲೆ ರಕ್ತ ಬಿತ್ತು. ಮತ್ತೆ ಕೆರೆದರು. ಬಿರಡೆ ಅಲುಗಿತು. ಕಳಚಿತು.

"ಎರೆಹುಳಾ, ಸರಿಯಾಗಿ ಕೇಳಿಸ್ಕೋ..."

ಬೆನ್ನ ಹಿಂದೆ ಕಲ್ಲಿಗೆ ಕಲ್ಲು ಬಡಿದ ಸದ್ದಾಯಿತು. ಟಕ್. ಟಕ್. ಟಕ್. ಅವರು ತಿರುಗದೆ ಎಡಗೈ ಮೇಲೆತ್ತಿದರು, ಮನೆಯಲ್ಲಿ ಓದುವಾಗ ಮಗಳು ಮಾತಿಗೆ ಬಂದರೆ ಎತ್ತುತ್ತಿದ್ದಂತೆ: ತಾಳು, ಒಂದು ನಿಮಿಷ. ಟಕ್. ಟಕ್. ಆಮೇಲೆ ಬಡಿತ ನಿಂತಿತು.

ನಿಂತ ಸದ್ದು ಅವರನ್ನು ತಿರುಗಿಸಿತು.

ಮಗಳು ಅವರ ಹಿಂದೆಯೇ ಬಂದಿದ್ದಳು. ನೆಲಕ್ಕೆ ಬಿದ್ದಿದ್ದಳು. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈ ಕುತ್ತಿಗೆಯ ಮೇಲೆ. ಕಣ್ಣು ಅಪ್ಪನ ಮೇಲಿತ್ತು. ತುಟಿ ನೀಲಿಗಟ್ಟುತ್ತಿತ್ತು. ಎದೆ ಏಳುತ್ತಿರಲಿಲ್ಲ.

"ನಾನಿಲ್ಲದ ಮೇಲೆ..." ಎನ್ನುತ್ತಿತ್ತು ಗಡಿಗೆ.

ಪ್ರೊಫೆಸರ್ ಅದರ ಬಾಯಿಗೆ ಅಂಗೈ ಒತ್ತಿದರು. ಒದ್ದೆ ನಾಲಿಗೆಯಂಥದು ಅಂಗೈ ನೆಕ್ಕಿತು. ತಳ್ಳಿತು. ಅವರು ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮೊದಲ ಗಡಿಗೆಯನ್ನು ಎಳೆದು, ಅದರ ಬಾಯಿಗೆ ಬಾಯಿ ಇಟ್ಟು "ಗಿಣಿ" ಎಂದರು. ಹೆರಿಗೆ ಕೋಣೆಯ ಬಾಗಿಲಾಚೆ ಕೇಳಿದ ಮೊದಲ ಅಳು ಅವರ ನೆನಪಿನಿಂದ ಗಡಿಗೆಗೆ ಹೋಯಿತು. 'ಪಪ್ಪ' ಎಂದ ಮೊದಲ ತೊದಲು, ಮಗ್ಗಿ ಹಾಡುತ್ತಿದ್ದ ರಾಗ, ಜ್ವರದ ಕನವರಿಕೆ, ಒಂದೊಂದಾಗಿ ಹೋದವು. ಹೋದ ಜಾಗ ತಣ್ಣಗೆ ಬರಿದಾಯಿತು. ಜೇಡಿ ಮೆತ್ತಿ, ಐದು ಬೆರಳೊತ್ತಿ, ತಮ್ಮ ನರೆಗೂದಲು ಕಿತ್ತು ಕುತ್ತಿಗೆಗೆ ಸುತ್ತಿದರು. ಎರಡನೆಯದಕ್ಕೆ ದೊಡ್ಡವಳಾದ ಮೇಲಿನ ದನಿ ಹೋಯಿತು. ಜಗಳಗಳು. ನಗು. ಅಮ್ಮ ಹೋದ ಮೇಲೆ ದಿನಾ ರಾತ್ರಿ ಫೋನಿನಲ್ಲಿ ಕೇಳುತ್ತಿದ್ದ "ಅಪ್ಪಾ, ಊಟ ಆಯ್ತಾ?"

ಮೂರನೆಯದಕ್ಕೆ ಏನೂ ಉಳಿದಿರಲಿಲ್ಲ. ಅಂಗೈ ತೆಗೆದು, ಬಾಯಿಟ್ಟು, ಅವಳು ಮುಂದೆ ಎಂದಾದರೂ ಆಡಲಿದ್ದ ಮಾತುಗಳನ್ನೆಲ್ಲ ಕೊಟ್ಟರು.

ಬಿರಡೆ ಕೂತಿತು.

ಮಗಳ ಎದೆ ಜಗ್ಗಿ ಮೇಲೆದ್ದಿತು. ಅವಳು ಕೆಮ್ಮಿದಳು. ಮೈಯೆಲ್ಲ ಅಲುಗಿತು. ಪ್ರೊಫೆಸರರಿಗೆ ಹೊರಗೆ ಓಡಿಬರುವ ಕೂಲಿಯವರ ಹೆಜ್ಜೆ ಕೇಳಿಸಿತು, ಬಕೆಟ್ಟಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು, ತಮ್ಮ ಏದುಸಿರೂ ಕೇಳಿಸಿತು. ಮಗಳ ಎರಡು ತುಟಿಗಳು ಕೂಡಿದವು, ಬೇರಾದವು, ಮತ್ತೆ ಕೂಡಿದವು. ಅಪ್ಪಾ ಎನ್ನುತ್ತಿರಬೇಕು. ಅವರು ಅವಳನ್ನು ಎದೆಗೊತ್ತಿಕೊಂಡರು.

ಮರುದಿನವೇ ಅಗೆತ ನಿಲ್ಲಿಸಿದರು. ಕೋಣೆ ಕುಸಿಯುವ ಅಪಾಯವಿದೆಯೆಂದು ಮೇಲಿನವರಿಗೆ ವರದಿ ಬರೆದು, ತೆಗೆದ ಮಣ್ಣನ್ನೆಲ್ಲ ಮರಳಿ ತುಂಬಿಸಿದರು. ಕೂಲಿಯವರೊಂದಿಗೆ ತಾವೂ ಬುಟ್ಟಿ ಹೊತ್ತರು. ಮಗಳ ದನಿ ಮರಳಿದ್ದಕ್ಕೆ ಬಿಡಾರಕ್ಕೆ ಬಿಡಾರವೇ ಸಂಭ್ರಮಪಟ್ಟಿತು. ಅವಳು ಮಾತಾಡುತ್ತಿದ್ದಳು, ಸುತ್ತ ಕೂತವರು ನಗುತ್ತಿದ್ದರು, ಪ್ರೊಫೆಸರ್ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಅವಳು ಏನಾದರೂ ಕೇಳಿದಂತೆ ಕಂಡರೆ "ಹ್ಞೂಂ" ಎನ್ನುತ್ತಿದ್ದರು. ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಅದೇ ಅವರನ್ನು ಒಳಗೊಳಗೇ ಕೊಯ್ಯುತ್ತಿತ್ತು.

ಹೊರಡುವ ದಿನ ಮಧ್ಯಾಹ್ನ ಅಡುಗೆಯಾಕೆ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಮಗಳು ಬಂದು ಪ್ರೊಫೆಸರರ ಎದುರು ಮೊಣಕಾಲೂರಿ ಕೂತು, ಅವರ ಎರಡೂ ಕೈ ಹಿಡಿದು ಮಾತಾಡತೊಡಗಿದಳು. ಮಾತಾಡುತ್ತಾ ಅವಳ ಕಣ್ಣು ತುಂಬಿತು. ಇದಕ್ಕೆ ಹ್ಞೂಂ ಎನ್ನಲು ಅವರಿಗೆ ಧೈರ್ಯ ಬರಲಿಲ್ಲ.

"ಅದನ್ನ ಬರೆದು ಕೊಡು ಮಗಳೇ," ಎಂದರು. "ಇಟ್ಕೋತೀನಿ."

ಅವಳು ಮೂಗೊರೆಸಿಕೊಂಡು ಪೆನ್ಸಿಲ್ ತೆಗೆದು ಬರೆದಳು.

'ನೀನು ಕೈ ಅಡ್ಡ ಇಟ್ಟ ಮೇಲೂ ಅಮ್ಮ ಹೇಳ್ತಾನೇ ಇದ್ಳು ಅಪ್ಪ. ನೆಲಕ್ಕೆ ಕಿವಿ ಹಚ್ಚಿ ಬಿದ್ದಿದ್ದೆ, ನನಗೆ ಪೂರ್ತಿ ಕೇಳಿಸ್ತು. ನಾನಿಲ್ಲದ ಮೇಲೆ ಮಗೂ ಮಾತು ಕೇಳು ಎರೆಹುಳಾ, ಅವಳು ಅಷ್ಟೊಂದು ಮಾತಾಡೋದು ನೀನು ಒಂದ್ಸಲ ತಲೆ ಎತ್ತಿ ನೋಡ್ಲಿ ಅಂತ ಕಣೋ, ಅಂದ್ಳು. ಅಮ್ಮ ನಿನ್ನನ್ನ ಎರೆಹುಳ ಅಂತ ಕರೀತಿದ್ಳಾ? ನನಗೆ ಗೊತ್ತೇ ಇರ್ಲಿಲ್ಲ.'

ಪ್ರೊಫೆಸರ್ ಓದಿದರು. ಮತ್ತೊಮ್ಮೆ ಓದಿದರು. ಅಕ್ಷರಗಳು ಒಂದರೊಳಗೊಂದು ಕರಗಿದವು. ತಲೆ ಎತ್ತಿದಾಗ ಮಗಳು ಎದುರಿಗಿರಲಿಲ್ಲ; ಎದ್ದು ಅವರ ಬೆನ್ನ ಹಿಂದೆ ಹೋಗಿ ನಕಾಶೆಗಳನ್ನು ಸುರುಳಿ ಸುತ್ತುತ್ತಿದ್ದಳು. ಕಾಗದ ಸರಿಯುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಅಡುಗೆ ಡೇರೆಯಲ್ಲಿ ಚಮಚವೊಂದು ಕೈಜಾರಿ ಬಿತ್ತು. ಅವರು ಥಟ್ಟನೆ ಅತ್ತ ತಿರುಗಿದರು.

ಹಿಂದೆ ಕಾಗದದ ಸದ್ದು ನಿಂತಿತು.

ಬಿದ್ದ ಚಮಚ ಎತ್ತಿಕೊಳ್ಳಲು ಬಗ್ಗಿದ್ದ ಅಡುಗೆಯಾಕೆ ತಲೆ ಎತ್ತಿ, ಪ್ರೊಫೆಸರರ ಭುಜದಾಚೆ ನೋಡಿ, ಹಾಗೇ ಉಳಿದಳು. ಆಕೆಯ ಮುಖ ಬದಲಾಗುವುದನ್ನು ಅವರು ನೋಡಿದರು. ಒಂದು ಸಲ ಆಕೆಯ ರೆಪ್ಪೆ ಅದುರಿತು. ಇನ್ನೊಂದು ಸಲ ಅದುರಿತು. ಮೂರನೆಯ ಸಲ ಆಕೆ ಚಮಚ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು, ಕಣ್ಣಿಂದ ನೀರು ದಳದಳ ಇಳಿಯಿತು. ಪ್ರೊಫೆಸರರ ಕತ್ತಿನ ಹಿಂದೆ, ಕೂದಲಿಗೆ ತಾಗುವಷ್ಟು ಹತ್ತಿರ, ಮಗಳ ಬಿಸಿಯಾದ ಉಸಿರು ಆ ಮೂರು ಸಲವೂ ಬಂದು ಬಡಿದಿತ್ತು.

"ಓ," ಎಂದರು ಪ್ರೊಫೆಸರ್. "ಹೇಳು ಮಗಳೇ, ಕೇಳಿಸ್ತಾ ಇದೆ."

ಅವಳು ಕರೆಯುವುದನ್ನು ನಿಲ್ಲಿಸಿ ಆಗಲೇ ಸ್ವಲ್ಪ ಹೊತ್ತಾಗಿತ್ತು.